ಕಂಪ್ಯೂಟರೊಳಗಿನ ಕಂಪ್ಯೂಟರಿಗೆ ವೈರಸ್ ತಗುಲಿದರೆ

ಇಮೇಲಿನಲ್ಲಿ ಬಂದ ಫೈಲಿನ ಮೇಲೆ ಅನುಮಾನ ಬಂದರೆ ಅದನ್ನು ವರ್ಚುವಲ್ ಮಷೀನಿನಲ್ಲಿ ತೆರೆದು ನೋಡುವವರಿದ್ದಾರೆ. ಒಳಗಿನ ವಿಂಡೋಸ್ ಹಾಳಾದರೂ ಹೊರಗಿನ ಕಂಪ್ಯೂಟರಿಗೆ ಏನೂ ಆಗದು ಎಂಬ ಧೈರ್ಯ ಅವರದು. ಈ ಧೈರ್ಯಕ್ಕೆ ಆಧಾರವಿದೆ. ಆದರೆ ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು.

ವರ್ಚುವಲ್ ಮಷೀನ್ ಎಂದರೆ ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರ್. ಅದರ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಹೊರಗಿನ ಕಂಪ್ಯೂಟರಿನಲ್ಲಿರುವ ಒಂದು ದೊಡ್ಡ ಫೈಲು, ಅಷ್ಟೇ. ಹೊರಗಿನದನ್ನು ಹೋಸ್ಟ್, ಒಳಗಿನದನ್ನು ಗೆಸ್ಟ್ ಎನ್ನುತ್ತಾರೆ. ಇವೆರಡರ ನಡುವೆ ಗೋಡೆಯಾಗಿ ನಿಲ್ಲುವ ತಂತ್ರಾಂಶವೇ ಹೈಪರ್‌ವೈಸರ್. ಅದು ತೋರಿಸಿದಷ್ಟು ಮೆಮೊರಿ, ಕೊಟ್ಟಷ್ಟು ಡಿಸ್ಕ್ ಮಾತ್ರ ಗೆಸ್ಟ್‌ನ ವೈರಸ್‌ಗೆ ಕಾಣುತ್ತದೆ. ಹಾಗಾಗಿ ಮಾಮೂಲಿ ವೈರಸ್ ಅಲ್ಲೇ ಸಿಕ್ಕಿಬೀಳುತ್ತದೆ.

ಆದರೆ ಹೈಪರ್‌ವೈಸರ್ ಕೂಡ ಮನುಷ್ಯರು ಬರೆದ ಪ್ರೋಗ್ರಾಮೇ. ಅದರಲ್ಲೂ ದೋಷಗಳಿರುತ್ತವೆ. 2015ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ‘ವೆನಮ್’ ಎಂಬ ದೋಷ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಜೇಸನ್ ಗೆಫ್ನರ್ ಅದನ್ನು ಪತ್ತೆ ಮಾಡಿದ್ದು ಯಾರೂ ಬಳಸದ ಮೂಲೆಯಲ್ಲಿ, ಅಂದರೆ ವರ್ಚುವಲ್ ಮಷೀನ್ ನಡೆಸುವ ಕ್ಯೂಎಮು ತಂತ್ರಾಂಶದ ಫ್ಲಾಪಿ ಡಿಸ್ಕ್ ಭಾಗದಲ್ಲಿ. ಗೆಸ್ಟ್ ಕಳಿಸುವ ಆದೇಶಗಳನ್ನು ತುಂಬಿಸಿಕೊಳ್ಳಲು ಅಲ್ಲಿ 512 ಬೈಟ್‌ಗಳ ಜಾಗವಿತ್ತು. ಆದೇಶ ಮುಗಿದ ಮೇಲೆ ತುಂಬಿದ ಬೈಟ್‌ಗಳ ಎಣಿಕೆ ಸೊನ್ನೆಗೆ ಮರಳಬೇಕು. ಎರಡು ಆದೇಶಗಳ ವಿಷಯದಲ್ಲಿ ಹಾಗಾಗುತ್ತಿರಲಿಲ್ಲ. ಬೈಟ್‌ಗಳನ್ನು ಸುರಿಯುತ್ತಲೇ ಹೋದರೆ ಅವು ಪಕ್ಕದ ಮೆಮೊರಿಗೆ ಚೆಲ್ಲುತ್ತಿದ್ದವು. ಆ ಮೆಮೊರಿ ಹೋಸ್ಟ್‌ಗೆ ಸೇರಿದ್ದು. ಹೀಗೆ ಗೆಸ್ಟ್‌ನಲ್ಲಿ ಪೂರ್ಣ ಅಧಿಕಾರ ಪಡೆದ ದಾಳಿಕೋರನಿಗೆ ಹೋಸ್ಟ್‌ನಲ್ಲಿ ತನ್ನ ಕೋಡ್ ಓಡಿಸಲು ದಾರಿಯಾಗುತ್ತಿತ್ತು. ಕ್ಯೂಎಮುವಿನ ಈ ಭಾಗವನ್ನು ಝೆನ್, ಕೆವಿಎಂ ಎಂಬ ಹೈಪರ್‌ವೈಸರ್‌ಗಳೂ ಬಳಸುತ್ತಿದ್ದರಿಂದ ಕ್ಲೌಡ್ ಸೇವೆಗಳವರು ತರಾತುರಿಯಲ್ಲಿ ದೋಷ ಸರಿಪಡಿಸುವ ಪ್ಯಾಚ್ ಹಾಕಬೇಕಾಯಿತು. ದೋಷ ಮಾತ್ರ 2004ರಿಂದಲೇ ಅಲ್ಲಿ ಕೂತಿತ್ತು.

ಗೋಡೆ ಒಡೆಯುವುದು ಇಷ್ಟು ಕಷ್ಟದ ಕೆಲಸ. ದುಷ್ಕರ್ಮಿಗಳಿಗೆ ಸುಲಭವಾಗಿ ಸಿಗುವುದು ನಾವೇ ತೆರೆದಿಡುವ ಬಾಗಿಲುಗಳು. 2020ರಲ್ಲಿ ರಾಗ್ನರ್ ಲಾಕರ್ ಎಂಬ ಸುಲಿಗೆ ತಂಡ ಅಂಥ ಒಂದು ಬಾಗಿಲನ್ನೇ ಆಯುಧ ಮಾಡಿಕೊಂಡದ್ದನ್ನು ಸೋಫೋಸ್ ಸಂಸ್ಥೆ ಬಯಲು ಮಾಡಿತು. ಮೊದಲೇ ನುಸುಳಿದ್ದ ಜಾಲದ ಕಂಪ್ಯೂಟರುಗಳಲ್ಲಿ ಆ ತಂಡ ವರ್ಚುವಲ್‌ಬಾಕ್ಸ್ ಹೈಪರ್‌ವೈಸರ್‌ನ 2009ರ ಆವೃತ್ತಿಯನ್ನೂ ಕತ್ತರಿಸಿ ಚಿಕ್ಕದು ಮಾಡಿದ ವಿಂಡೋಸ್ ಎಕ್ಸ್‌ಪಿಯನ್ನೂ ಸ್ಥಾಪಿಸಿತು. ಬರೀ 49 ಕಿಲೋಬೈಟ್‌ನ ವೈರಸ್ಸನ್ನು ಬಚ್ಚಿಡಲು 282 ಮೆಗಾಬೈಟ್‌ನ ವರ್ಚುವಲ್ ಡಿಸ್ಕ್! ಬಳಿಕ ಹೋಸ್ಟ್‌ನ ಡ್ರೈವ್‌ಗಳನ್ನೆಲ್ಲ ‘ಶೇರ್ಡ್ ಫೋಲ್ಡರ್’ ಆಗಿ ಒಳಗೆ ತೆರೆದಿಟ್ಟು ಅಲ್ಲಿಂದಲೇ ಫೈಲುಗಳಿಗೆ ಬೀಗ ಜಡಿಯಿತು. ಹೋಸ್ಟ್‌ನ ಆಂಟಿವೈರಸ್‌ಗೆ ಕಂಡದ್ದು ವರ್ಚುವಲ್‌ಬಾಕ್ಸ್ ಎಂಬ ನಂಬಿಕಸ್ಥ ಪ್ರೋಗ್ರಾಂ ಫೈಲುಗಳನ್ನು ಬದಲಾಯಿಸುತ್ತಿದ್ದುದು ಮಾತ್ರ.

ನೆಟ್‌ವರ್ಕ್ ಇನ್ನೊಂದು ಬಾಗಿಲು. ‘ಬ್ರಿಡ್ಜ್ಡ್’ ವ್ಯವಸ್ಥೆಯಲ್ಲಿರುವ ಗೆಸ್ಟ್ ಮನೆಯ ಜಾಲದಲ್ಲಿ ಮತ್ತೊಂದು ಕಂಪ್ಯೂಟರಿನಂತೆಯೇ ವರ್ತಿಸುತ್ತದೆ. 2017ರ ವಾನಾಕ್ರೈನಂಥ, ಜಾಲದಲ್ಲಿ ತಾನಾಗಿಯೇ ಹರಡುವ ಹುಳು ಅಲ್ಲಿಂದ ಹೋಸ್ಟ್‌ಗೆ ನೇರವಾಗಿ ಹಬ್ಬಬಲ್ಲದು. ಹೋಸ್ಟ್‌ಗೆ ಪ್ಯಾಚ್ ಹಾಕಿರದಿದ್ದರೆ ಹೈಪರ್‌ವೈಸರ್ ಕಾಪಾಡಲಾರದು.

ಸೋಂಕು ಹೊರಗಿನಿಂದ ಒಳಕ್ಕೂ ಬರುತ್ತದೆ. 2012ರ ‘ಕ್ರೈಸಿಸ್’ ವೈರಸ್ ವಿಂಡೋಸ್ ಕಂಪ್ಯೂಟರಿನಲ್ಲಿ ವಿಎಂವೇರ್ ಸಂಸ್ಥೆಯ ಹೈಪರ್‌ವೈಸರ್ ಬಳಸುವ ಡಿಸ್ಕ್ ಫೈಲುಗಳನ್ನು ಹುಡುಕಿ, ಅವುಗಳೊಳಗೆ ತನ್ನ ಪ್ರತಿಯನ್ನು ಹಾಕುತ್ತಿತ್ತು. ಹೋಸ್ಟ್ ಕೆಟ್ಟಮೇಲೆ ಗೆಸ್ಟ್‌ಗೆ ರಕ್ಷಣೆಯಿಲ್ಲ. ಅದರ ಡಿಸ್ಕ್, ಕೀಬೋರ್ಡ್ ಎಲ್ಲವೂ ಹೋಸ್ಟ್‌ನ ಕೈಯಲ್ಲೇ ಇವೆ.

ಆದ್ದರಿಂದ ಅನುಮಾನದ ಫೈಲು ತೆರೆಯುವ ಮುನ್ನ ಶೇರ್ಡ್ ಫೋಲ್ಡರ್, ಹಂಚಿಕೆಯ ಕ್ಲಿಪ್‌ಬೋರ್ಡ್, ಯುಎಸ್‌ಬಿ ಸಂಪರ್ಕಗಳನ್ನು ಮುಚ್ಚಿ, ನೆಟ್‌ವರ್ಕ್ ಕಡಿದುಹಾಕಿ. ಗೆಸ್ಟ್‌ನ ಆಗಿನ ಸ್ಥಿತಿಯ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಕೆಲಸ ಮುಗಿದೊಡನೆ ಅದಕ್ಕೇ ಮರಳಿ. ಹೋಸ್ಟ್ ಮತ್ತು ಹೈಪರ್‌ವೈಸರ್ ಎರಡನ್ನೂ ಅಪ್‌ಡೇಟ್ ಮಾಡುತ್ತಿರಿ. 2025ರ ಮಾರ್ಚಿನಲ್ಲಿ ವಿಎಂವೇರ್‌ನ ಮೂರು ದೋಷಗಳಿಗೆ ಪ್ಯಾಚ್ ಬಂದಾಗ, ಅವುಗಳನ್ನು ಬಳಸಿದ ದಾಳಿಗಳು ಆಗಲೇ ನಡೆದಿದ್ದವು. ಇನ್ನೊಂದು ಮಾತು: ತಾನು ವರ್ಚುವಲ್ ಮಷೀನಿನಲ್ಲಿದ್ದೇನೆಂದು ಪತ್ತೆಹಚ್ಚಿ ತೆಪ್ಪಗಿರುವ ವೈರಸ್‌ಗಳೂ ಇವೆ. ಅಲ್ಲಿ ಸುಮ್ಮನಿದ್ದ ಫೈಲನ್ನು ನಂಬಿ ಹೊರಗೆ ತಂದು ತೆರೆಯಬೇಡಿ.