ಮೇಷ್ಟ್ರೂ ವರದಿ ಬರೆಯಬೇಕು



ಡನೀಡಿನ್‌ನಲ್ಲಿ ನಿಂತು ಪತ್ರಿಕೆಯ ಬಗ್ಗೆ ಮಾತಾಡಲು ಸ್ವಲ್ಪ ಅಳುಕು. 1861ರ ನವೆಂಬರ್ 15ರಂದು ಇಲ್ಲಿ ಹುಟ್ಟಿದ ‘ಒಟಾಗೊ ಡೈಲಿ ಟೈಮ್ಸ್’ ಈ ದೇಶದಲ್ಲಿ ಇಂದಿಗೂ ಉಳಿದಿರುವ ದಿನಪತ್ರಿಕೆಗಳಲ್ಲೇ ಹಳೆಯದು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ‘ಕ್ರಿಟಿಕ್’ 1925ರಿಂದ ಬರುತ್ತಿದೆ. ಹಿಂದೆಲ್ಲ ಹುಡುಗರು ಈ ಕಸುಬನ್ನು ಕಲಿತದ್ದು ಸುದ್ದಿಮನೆಯಲ್ಲಿ, ಹಿರಿಯರ ಪಕ್ಕ ಕೂತು. ಕಸುಬು ಕಾಲೇಜಿಗೆ ಬಂದಾಗ ಆ ‘ಪಕ್ಕ ಕೂರುವುದು’ ಎಲ್ಲಿ ಹೋಯಿತು ಎಂಬುದೇ ನನ್ನ ಇಂದಿನ ಮಾತು.

ಅಮೆರಿಕದ ಮಿಸ್ಸೌರಿಯಲ್ಲಿ ವಾಲ್ಟರ್ ವಿಲಿಯಮ್ಸ್ ಇದನ್ನು ಮೊದಲೇ ಯೋಚಿಸಿದ್ದರು. 1908ರ ಸೆಪ್ಟೆಂಬರ್ 14ರಂದು ಅವರ ಪತ್ರಿಕೋದ್ಯಮ ಶಾಲೆ ತೆರೆಯಿತು; ಅದೇ ದಿನ ಶಾಲೆಯ ಪತ್ರಿಕೆಯೂ ಹೊರಬಂತು. ವಿದ್ಯಾರ್ಥಿಗಳೇ ವರದಿಗಾರರು, ಮೇಷ್ಟ್ರುಗಳೇ ಸಂಪಾದಕರು. ನಮ್ಮಲ್ಲಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಆರಂಭಿಸಿದರು. ಮುಂದೆ ವಿಭಾಗಗಳು ಹೆಚ್ಚಿದವು, ಪ್ರತಿಯೊಂದಕ್ಕೂ ಒಂದು ಪ್ರಾಯೋಗಿಕ ಪತ್ರಿಕೆ ಬಂತು. ಆದರೆ ಬಹಳ ಕಡೆ ಅದು ಅಂಕಕ್ಕಾಗಿ ಅಚ್ಚಾಗುವ ಪತ್ರಿಕೆ. ನನ್ನದೂ ಹಾಗೆಯೇ ಇತ್ತು, ಮುಚ್ಚಿಡುವುದೇಕೆ? ನಾನು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದೆ.

ಒಂದು ದಿನ ಒಬ್ಬಳು ವಿದ್ಯಾರ್ಥಿನಿ, “ಸಾರ್, ನೀವು ಕೊನೇ ಸಲ ವರದಿ ಬರೆದದ್ದು ಯಾವಾಗ?” ಎಂದಳು. ಹನ್ನೊಂದು ವರ್ಷವಾಗಿತ್ತು. ಮುಂದಿನ ಸಂಚಿಕೆಗೆ ನಾನೂ ಹುಡುಗರ ಜೊತೆ ಹಳ್ಳಿಯ ಬಸ್ಸು ಹತ್ತಿದೆ. ಕುಡಿಯುವ ನೀರಿನ ಸುದ್ದಿ. ಬರೆದು ಕೊಟ್ಟೆ. ಆ ಹುಡುಗಿಯೇ ಪುಟದ ಉಸ್ತುವಾರಿ. “ಪಂಚಾಯ್ತಿಯವರ ಮಾತಷ್ಟೇ ಇದೆ ಸಾರ್, ಕೊಡ ಹಿಡಿದು ನಿಂತವರದ್ದು ಎಲ್ಲಿ?” ಎಂದು ನನ್ನ ಮೊದಲ ಪ್ಯಾರಾ ಹೊಡೆದುಹಾಕಿದಳು. ಮತ್ತೆ ಹೋಗಿ ಹೆಂಗಸರನ್ನು ಮಾತಾಡಿಸಿ ಬಂದೆ.

ಆದರೂ ಎಡವಿದೆ. ಒಬ್ಬ ತಾಯಿಯ ಗಂಡನ ಹೆಸರಿನ ಮುಂದೆ ‘ದಿವಂಗತ’ ಎಂದು ಬರೆದುಬಿಟ್ಟಿದ್ದೆ. ಯಾರೋ ಹೇಳಿದ್ದನ್ನು ನಂಬಿದ್ದು; ಆಕೆಯನ್ನೇ ಕೇಳಿರಲಿಲ್ಲ. ಮನುಷ್ಯ ಗಟ್ಟಿಮುಟ್ಟಾಗಿದ್ದ, ಕೂಲಿಗೆ ಬೇರೆ ಊರಿಗೆ ಹೋಗಿದ್ದ. ಮುತ್ತೈದೆಯನ್ನು ಅಚ್ಚಿನಲ್ಲಿ ವಿಧವೆ ಮಾಡಿದರೆ ಹಳ್ಳಿಯಲ್ಲಿ ಏನಾಗುತ್ತದೆ, ನಿಮಗೆ ಗೊತ್ತು. ವಿದ್ಯಾರ್ಥಿಗಳನ್ನು ಕರೆದುಕೊಂಡೇ ಹೋಗಿ ಆಕೆಯ ಮುಂದೆ ಕೈಮುಗಿದೆ. ಆಕೆ ಬಯ್ಯಲಿಲ್ಲ, ಮಾತೂ ಆಡಲಿಲ್ಲ, ಒಳಗೆ ಹೋದರು. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ನನ್ನ ಹೆಸರಿನಲ್ಲೇ ತಪ್ಪೊಪ್ಪಿಗೆ ಹಾಕಿದೆವು. ಆ ಬ್ಯಾಚಿನವರು ಆಮೇಲೆ ಯಾವ ಹೆಸರನ್ನೂ ಎರಡು ಸಲ ಕೇಳದೆ ಬರೆಯಲಿಲ್ಲ.

ಇದು ಸಣ್ಣ ಕಥೆ. ಜೊತೆಗೂಡಿ ಮಾಡುವ ಪತ್ರಿಕೆಗೆ ಎಷ್ಟು ದೊಡ್ಡ ಪರೀಕ್ಷೆ ಬರಬಹುದು ಎಂಬುದಕ್ಕೆ ಈ ಸಾಗರದಲ್ಲೇ ಉದಾಹರಣೆಯಿದೆ. ನ್ಯೂಜಿಲೆಂಡಿನ ಪತ್ರಕರ್ತ ಡೇವಿಡ್ ರಾಬಿ 1985ರಲ್ಲಿ ‘ರೇನ್‌ಬೋ ವಾರಿಯರ್’ ಹಡಗಿನಲ್ಲಿ ವಾರಗಟ್ಟಲೆ ಪಯಣಿಸಿ ವರದಿ ಮಾಡಿದವರು. ಮುಂದೆ ಪಪುವಾ ನ್ಯೂಗಿನಿಯಲ್ಲಿ, ಆಮೇಲೆ ಫಿಜಿಯ ಸುವಾದಲ್ಲಿ ಪತ್ರಿಕೋದ್ಯಮ ಕಲಿಸಿದರು. ಸುವಾದ ವಿದ್ಯಾರ್ಥಿಗಳ ಪತ್ರಿಕೆ ‘ವಾನ್‌ಸೋಲ್ವಾರ’. ಎಲ್ಲರಿಗೂ ಒಂದೇ ಉಪ್ಪುನೀರು ಎಂದರ್ಥ. 2000ದ ಮೇ 19ರಂದು ಜಾರ್ಜ್ ಸ್ಪೈಟ್‌ನ ಗುಂಪು ಸಂಸತ್ತಿಗೆ ನುಗ್ಗಿ, ಭಾರತೀಯ ಮೂಲದ ಪ್ರಧಾನಿ ಮಹೇಂದ್ರ ಚೌಧರಿ ಮತ್ತಿತರರನ್ನು ಒತ್ತೆಯಿಟ್ಟುಕೊಂಡಿತು. ರಾಬಿಯವರ ವಿದ್ಯಾರ್ಥಿಗಳು ಬೀದಿಗಿಳಿದು ವರದಿ ಮಾಡಿದರು. ಟಿವಿ ಕೇಂದ್ರದ ಮೇಲೆ ದಾಳಿಯಾದ ಬಳಿಕ, ಸುರಕ್ಷತೆಯ ಕಾರಣ ಹೇಳಿ ವಿಶ್ವವಿದ್ಯಾಲಯ ಅವರ ಜಾಲತಾಣ ಮುಚ್ಚಿಸಿತು. ಸಿಡ್ನಿಯ ಒಂದು ವಿಶ್ವವಿದ್ಯಾಲಯ ಜಾಗ ಕೊಟ್ಟಿತು, ವರದಿಗಳು ನಿಲ್ಲಲಿಲ್ಲ.

ಆಡಳಿತದ ಭಯ ಸುಳ್ಳೆಂದು ನಾನು ಹೇಳಲಾರೆ. ಇಪ್ಪತ್ತರ ಮಕ್ಕಳನ್ನು ಬಂದೂಕಿನ ಹತ್ತಿರ ಕಳಿಸುವ ಹಕ್ಕು ಮೇಷ್ಟ್ರಿಗೆ ಇದೆಯೇ? ಕೊಠಡಿಯಲ್ಲಿ ಕೂತು ಕಳಿಸುವವನಿಗಂತೂ ಇಲ್ಲ ಎಂದು ನನ್ನ ಎಣಿಕೆ. ಅಪಾಯವನ್ನು ತಾನೇ ಕಂಡವನಿಗೆ ಮಾತ್ರ ಯಾವಾಗ ‘ಸಾಕು, ವಾಪಸ್ ಬನ್ನಿ’ ಎನ್ನಬೇಕೆಂದು ಗೊತ್ತಿರುತ್ತದೆ.

ಮಧ್ಯಾಹ್ನ ಇಲ್ಲಿನ ಕನ್ನಡ ಮಕ್ಕಳ ವರದಿ ಕಾರ್ಯಾಗಾರವಿದೆ. ಊಟ ಮುಗಿಸಿ ಎರಡು ಗಂಟೆಗೆ ಆಕ್ಟಗನ್ ವೃತ್ತದಲ್ಲಿ, ಕವಿ ಬರ್ನ್ಸ್ ಪ್ರತಿಮೆಯ ಬಳಿ ಸೇರೋಣ. ನಾನೂ ಒಂದು ವರದಿ ಬರೆಯುತ್ತೇನೆ. ತಿದ್ದುವ ಕೆಲಸ ಮಕ್ಕಳದ್ದು.