178ರಿಂದ 34ಕ್ಕೆ ಕುಸಿದ ಕಥೆ

ಬಹುಮತ ಕಳೆದುಕೊಂಡ ಸರ್ಕಾರ ಬೀಳುತ್ತದೆ ಎಂದು ಪೌರನೀತಿಯ ಪಾಠದಲ್ಲಿ ಮಕ್ಕಳು ಓದುತ್ತಾರೆ. ಬಹುಮತವಿದ್ದೂ ಮುಖ್ಯಮಂತ್ರಿಗಳು ಕುರ್ಚಿ ಬಿಡಬೇಕಾದ ಪಾಠವನ್ನು ಕಲಿಸಿದ್ದು ಕರ್ನಾಟಕದ್ದೇ ರಾಜಕಾರಣ.

1989ರ ಚುನಾವಣೆಯಲ್ಲಿ ವಿಧಾನಸಭೆಯ 224 ಸ್ಥಾನಗಳ ಪೈಕಿ 178 ಕಾಂಗ್ರೆಸ್ ಪಾಲಾದವು. ವೀರೇಂದ್ರ ಪಾಟೀಲ್ ಮುಖ್ಯಮಂತ್ರಿಯಾದರು. ವರ್ಷ ತುಂಬುವ ಮೊದಲೇ, 1990ರ ಅಕ್ಟೋಬರ್‌ನಲ್ಲಿ, ಅವರು ಅನಾರೋಗ್ಯದಿಂದಿದ್ದಾಗಲೇ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆ ಪ್ರಕಟಿಸಿದರು. ಕೆಲ ದಿನಗಳ ರಾಷ್ಟ್ರಪತಿ ಆಳ್ವಿಕೆಯ ನಂತರ ಎಸ್. ಬಂಗಾರಪ್ಪ ಬಂದರು. ಭಿನ್ನಮತ ಅವರನ್ನೂ ಬಿಡಲಿಲ್ಲ. 1992ರ ನವೆಂಬರ್‌ನಲ್ಲಿ ವೀರಪ್ಪ ಮೊಯಿಲಿ ಅಧಿಕಾರ ವಹಿಸಿಕೊಂಡರು.

ಬಣಗಳು ಬೆಳೆಯುವುದು ಹೇಗೆ? ಗೆದ್ದವರೆಲ್ಲ ಮಂತ್ರಿಗಳಾಗಲಾರರು. ಉಳಿದವರ ಕಣ್ಣು ನಿಗಮ–ಮಂಡಳಿಗಳ ಅಧ್ಯಕ್ಷಗಿರಿಯ ಮೇಲೆ, ಕ್ಷೇತ್ರದ ಅಧಿಕಾರಿಗಳ ವರ್ಗಾವಣೆಯ ಮೇಲೆ. ಕೊಡಿಸಬಲ್ಲ ನಾಯಕನ ಹಿಂದೆ ಗುಂಪು ಸೇರುತ್ತದೆ. ಸಿಗದವರು ದೆಹಲಿಯ ವಿಮಾನ ಹತ್ತುತ್ತಾರೆ. ಮುಖ್ಯಮಂತ್ರಿಯನ್ನು ಆರಿಸಬೇಕಾದವರು ಶಾಸಕರು. ಹೆಸರು ಹೈಕಮಾಂಡ್‌ನಿಂದ ಬರುವಾಗ ದೂರಿಗೆ ಬೆಲೆ ಹೆಚ್ಚು.

ಕೆಲಸವೇ ಆಗಲಿಲ್ಲವೆಂದಲ್ಲ. ಎಂಜಿನಿಯರಿಂಗ್ ಸೀಟಿಗಾಗಿ ಇಂದಿಗೂ ವಿದ್ಯಾರ್ಥಿಗಳು ಬರೆಯುವ ಸಿಇಟಿ ಆರಂಭವಾದದ್ದು ಮೊಯಿಲಿಯವರ ಕಾಲದಲ್ಲೇ. ಆದರೆ ಮತದಾರ ಒಳಜಗಳವನ್ನೂ ನೋಡಿದ್ದ. 1994ರಲ್ಲಿ ಜನತಾ ದಳ 115 ಸ್ಥಾನ ಗೆದ್ದಿತು, ಬಿಜೆಪಿ 40. ಹೊರಬಂದ ಬಂಗಾರಪ್ಪ ಕಟ್ಟಿದ ಪಕ್ಷಕ್ಕೆ 10. ಐದು ವರ್ಷದ ಹಿಂದೆ 178 ಪಡೆದಿದ್ದ ಕಾಂಗ್ರೆಸ್ಸಿಗೆ ಉಳಿದದ್ದು 34.