ಕಾರ್ಡಿನ ಮೇಲೆ ಮಾರಾಟ: ಬ್ಯಾಂಕಿನ ಕಡಿತ ಎಷ್ಟು, ಏಕೆ?

ಮಾರುಕಟ್ಟೆ ಪ್ರಾಂಗಣದಲ್ಲಿ ಮಾಲು ಮಾರುವ ರೈತರಿಗೆ ಕಡಿತವೆಂಬುದು ಹೊಸ ಮಾತಲ್ಲ. ಹಮಾಲಿ, ತೂಕದ ಕೂಲಿ, ದಲ್ಲಾಲಿ ಮುಂತಾದ ಹೆಸರುಗಳಲ್ಲಿ ಪಟ್ಟಿಯ ಮೇಲೆ ಏನೇನು ಇಳಿಯುತ್ತದೆ ಎಂಬುದನ್ನು ಅವರು ಅನುಭವದಿಂದ ಬಲ್ಲರು. ದಲ್ಲಾಲಿಯನ್ನು ಕೊಳ್ಳುವವರಿಂದ ಪಡೆಯಬೇಕೇ ಹೊರತು ಮಾರುವ ರೈತರಿಂದಲ್ಲ ಎಂಬ ನಿಯಮವೂ ಬಹುಮಂದಿಗೆ ಗೊತ್ತು. ಆದರೆ ರೈತರು ತಾವೇ ಅಂಗಡಿಯವರಾದಾಗ ಎದುರಾಗುವ ಒಂದು ಕಡಿತವಿದೆ. ಅದು ಪಟ್ಟಿಯಲ್ಲಿ ಕಾಣುವುದಿಲ್ಲ, ಅದನ್ನು ಕೇಳುವವರೂ ಕಡಿಮೆ. ಅದೇ ಬ್ಯಾಂಕ್ ಕಾರ್ಡಿನ ಮೇಲಿನ ಶುಲ್ಕ.

ಇಂದು ಅನೇಕ ರೈತರು ಸಸಿಗಳ ನರ್ಸರಿ ನಡೆಸುತ್ತಿದ್ದಾರೆ, ಹೆದ್ದಾರಿಯ ಬದಿಯಲ್ಲಿ ಹಣ್ಣು ಮಾರುತ್ತಿದ್ದಾರೆ, ಬೆಂಗಳೂರಿನ ಲಾಲ್‌ಬಾಗಿನ ಮಾವಿನ ಮೇಳದಂತಹ ಕಡೆ ನೇರವಾಗಿ ಗ್ರಾಹಕರಿಗೆ ಮಾಲು ಕೊಡುತ್ತಿದ್ದಾರೆ. ರೈತ ಉತ್ಪಾದಕ ಕಂಪನಿಗಳು ಬೀಜ, ಗೊಬ್ಬರ, ಔಷಧಿಗಳ ಮಳಿಗೆಗಳನ್ನು ತೆರೆದಿವೆ. ಇಂತಹ ಕಡೆ ಗ್ರಾಹಕರು ಕ್ರೆಡಿಟ್ ಕಾರ್ಡ್ ಕೊಟ್ಟು 1,000 ರೂಪಾಯಿಯ ಮಾಲು ಕೊಂಡರೆ, ಮಾರಿದವರ ಖಾತೆಗೆ ಮರುದಿನ 980 ರೂಪಾಯಿ ಮಾತ್ರ ಬರಬಹುದು. ಉಳಿದ 20 ರೂಪಾಯಿ ಎಲ್ಲಿಗೆ ಹೋಯಿತು, ಅದು ಸರಿಯೇ, ಅದನ್ನು ಕಡಿಮೆ ಮಾಡಿಕೊಳ್ಳಲು ಸಾಧ್ಯವೇ ಎಂಬುದನ್ನು ತಿಳಿದಿರುವುದು ಅಗತ್ಯ.

ಹಣ ಸಾಗುವ ದಾರಿ

ಕಾರ್ಡಿನ ವ್ಯವಹಾರದಲ್ಲಿ ಗ್ರಾಹಕ ಮತ್ತು ಅಂಗಡಿಯವರಲ್ಲದೆ ಇನ್ನೂ ಮೂವರು ಇರುತ್ತಾರೆ. ಗ್ರಾಹಕರಿಗೆ ಕಾರ್ಡು ಕೊಟ್ಟ ಬ್ಯಾಂಕು ಒಂದು. ಅಂಗಡಿಯವರಿಗೆ ಯಂತ್ರ ಕೊಟ್ಟು ಅವರ ಖಾತೆಗೆ ಹಣ ಜಮಾ ಮಾಡುವ ಬ್ಯಾಂಕು ಇನ್ನೊಂದು. ಇವೆರಡರ ನಡುವೆ ಸಂದೇಶ ಮತ್ತು ಲೆಕ್ಕವನ್ನು ಸಾಗಿಸುವ ಜಾಲ ಮೂರನೆಯದು. ವೀಸಾ, ಮಾಸ್ಟರ್‌ಕಾರ್ಡ್, ನಮ್ಮ ದೇಶದ ರುಪೇ ಇವು ಇಂತಹ ಜಾಲಗಳು.

ಯಂತ್ರಕ್ಕೆ ಕಾರ್ಡು ಹಾಕಿ ಗುಪ್ತಸಂಖ್ಯೆ ಒತ್ತಿದೊಡನೆ ಸಂದೇಶವು ಅಂಗಡಿಯ ಬ್ಯಾಂಕಿನಿಂದ ಜಾಲದ ಮೂಲಕ ಕಾರ್ಡಿನ ಬ್ಯಾಂಕಿಗೆ ಹೋಗುತ್ತದೆ. ಆ ಬ್ಯಾಂಕು ಖಾತೆಯಲ್ಲಿ ಹಣ ಅಥವಾ ಸಾಲದ ಮಿತಿ ಇದೆಯೇ ಎಂದು ನೋಡಿ ಒಪ್ಪಿಗೆ ಕೊಡುತ್ತದೆ. ಚೀಟಿ ಹೊರಬರುವುದು ಈ ಒಪ್ಪಿಗೆಯ ಗುರುತು; ಆಗಿನ್ನೂ ಅಂಗಡಿಯವರಿಗೆ ಹಣ ಬಂದಿರುವುದಿಲ್ಲ. ದಿನದ ವ್ಯವಹಾರಗಳೆಲ್ಲ ಒಟ್ಟುಗೂಡಿ ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆದ ಮೇಲೆ, ಸಾಮಾನ್ಯವಾಗಿ ಮುಂದಿನ ಕೆಲಸದ ದಿನ, ಕಡಿತ ಕಳೆದು ಉಳಿದ ಮೊತ್ತ ಜಮಾ ಆಗುತ್ತದೆ. ಕೆಲವು ಯಂತ್ರಗಳಲ್ಲಿ ಸಂಜೆ ಅಂಗಡಿಯವರೇ ಗುಂಡಿ ಒತ್ತಿ ಆ ದಿನದ ಲೆಕ್ಕವನ್ನು ಕಳುಹಿಸಬೇಕಾಗುತ್ತದೆ. ಮರೆತರೆ ಹಣ ಬರುವುದು ತಡವಾಗುತ್ತದೆ.

ಈ ಕಡಿತಕ್ಕೆ ಬ್ಯಾಂಕಿನವರು ಮರ್ಚೆಂಟ್ ಡಿಸ್ಕೌಂಟ್ ರೇಟ್, ಚಿಕ್ಕದಾಗಿ ಎಂ.ಡಿ.ಆರ್. ಎನ್ನುತ್ತಾರೆ. ಹೆಸರು ಕೇಳಿ ಇದು ಅಂಗಡಿಯವರಿಗೆ ಸಿಗುವ ರಿಯಾಯಿತಿ ಎಂದು ಭಾವಿಸಬಾರದು. ಅಂಗಡಿಯವರ ಬಿಲ್ಲನ್ನು ಬ್ಯಾಂಕು ಮುಖಬೆಲೆಗಿಂತ ಕಡಿಮೆಗೆ ಕೊಳ್ಳುತ್ತದೆ ಎಂಬುದೇ ಇದರ ಅರ್ಥ. ಅಮೆರಿಕದಲ್ಲಿ 1950ರಲ್ಲಿ ಡೈನರ್ಸ್ ಕ್ಲಬ್ ಕಾರ್ಡು ಆರಂಭವಾದಾಗ ಹೋಟೆಲುಗಳಿಂದ ಶೇ. 7ರಷ್ಟು ಹಿಡಿಯಲಾಗುತ್ತಿತ್ತು. ಅಂದಿನಿಂದ ದರ ಇಳಿದಿದೆ, ಆದರೆ ಭಾರ ಮಾರುವವರ ಮೇಲೆ ಬೀಳುವ ಪದ್ಧತಿ ಬದಲಾಗಿಲ್ಲ.

ಕಡಿತದ ಹಣವನ್ನು ಮೂವರು ಹಂಚಿಕೊಳ್ಳುತ್ತಾರೆ. ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಇದಕ್ಕೆ ಇಂಟರ್‌ಚೇಂಜ್ ಎಂದು ಹೆಸರು. ಜಾಲಕ್ಕೆ ಸಣ್ಣ ಪಾಲು, ಮಿಕ್ಕದ್ದು ಯಂತ್ರ ಕೊಟ್ಟ ಬ್ಯಾಂಕಿಗೆ. ಕ್ರೆಡಿಟ್ ಕಾರ್ಡಿನ ಕಡಿತ ಹೆಚ್ಚಾಗಿರಲು ಕಾರಣ ಇಲ್ಲಿಯೇ ಇದೆ. ಡೆಬಿಟ್ ಕಾರ್ಡಿನಲ್ಲಿ ಗ್ರಾಹಕರ ಸ್ವಂತ ಹಣವೇ ಸಾಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಬ್ಯಾಂಕು ತನ್ನ ಹಣವನ್ನು ಮೊದಲು ಕೊಟ್ಟು, ಗ್ರಾಹಕರಿಂದ ಒಂದೂವರೆ ತಿಂಗಳವರೆಗೂ ಬಡ್ಡಿಯಿಲ್ಲದೆ ಕಾಯುತ್ತದೆ. ಸಾಲ ಮುಳುಗುವ ಭಯವೂ ಅದರದೇ. ಕಾರ್ಡುದಾರರಿಗೆ ಕೊಡುವ ಬಹುಮಾನದ ಅಂಕಗಳ ಖರ್ಚೂ ಇಲ್ಲಿಂದಲೇ ಹುಟ್ಟುತ್ತದೆ. ಪೇಟೆಯ ಗ್ರಾಹಕರಿಗೆ ಸಿಗುವ ‘ಉಚಿತ’ ಬಹುಮಾನಕ್ಕೆ ಹಣ್ಣು ಮಾರಿದವರೂ ಚಂದಾ ಕೊಟ್ಟಂತೆಯೇ ಸರಿ.

ಈಗಿನ ದರಗಳು

ಡೆಬಿಟ್ ಕಾರ್ಡಿನ ಕಡಿತಕ್ಕೆ ರಿಸರ್ವ್ ಬ್ಯಾಂಕು ಮಿತಿ ಹಾಕಿದೆ. 2012ರಲ್ಲಿ ವ್ಯವಹಾರದ ಮೊತ್ತವನ್ನು ನೋಡಿ ಮಿತಿ ನಿಗದಿಪಡಿಸಲಾಗಿತ್ತು. 2017ರ ಡಿಸೆಂಬರಿನಲ್ಲಿ ಹೊರಡಿಸಿ 2018ರ ಜನವರಿ 1ರಿಂದ ಜಾರಿಗೆ ತಂದ ಆದೇಶದಲ್ಲಿ ಈ ಕ್ರಮವನ್ನು ಬದಲಿಸಿ, ಅಂಗಡಿಯ ವಾರ್ಷಿಕ ವಹಿವಾಟನ್ನು ಆಧಾರವಾಗಿಟ್ಟುಕೊಳ್ಳಲಾಯಿತು. ಹಿಂದಿನ ಹಣಕಾಸು ವರ್ಷದಲ್ಲಿ 20 ಲಕ್ಷ ರೂ.ವರೆಗೆ ವಹಿವಾಟು ಇದ್ದವರು ಸಣ್ಣ ವ್ಯಾಪಾರಿಗಳು. ಇವರಿಂದ ಯಂತ್ರದ ಮೂಲಕ ನಡೆದ ವ್ಯವಹಾರಕ್ಕೆ ಶೇ. 0.40, ಕ್ಯೂ.ಆರ್. ಚಿತ್ರದ ಮೂಲಕ ಡೆಬಿಟ್ ಕಾರ್ಡಿನಿಂದ ನಡೆದದ್ದಕ್ಕೆ ಶೇ. 0.30 ಮೀರಿ ಹಿಡಿಯಬಾರದು. ಮೊತ್ತ ಎಷ್ಟೇ ದೊಡ್ಡದಾದರೂ ಒಂದು ವ್ಯವಹಾರಕ್ಕೆ 200 ರೂ. ದಾಟಬಾರದು. ಇದಕ್ಕಿಂತ ದೊಡ್ಡ ವ್ಯಾಪಾರಿಗಳಿಗೆ ಈ ಮಿತಿಗಳು ಕ್ರಮವಾಗಿ ಶೇ. 0.90, ಶೇ. 0.80 ಮತ್ತು 1,000 ರೂ.

ರುಪೇ ಡೆಬಿಟ್ ಕಾರ್ಡು ಮತ್ತು ಯು.ಪಿ.ಐ. ವ್ಯವಹಾರಗಳಿಗೆ ಈ ಕಡಿತವೂ ಇಲ್ಲ. 2020ರ ಜನವರಿ 1ರಿಂದ ಇವುಗಳ ಮೇಲಿನ ಎಂ.ಡಿ.ಆರ್. ಅನ್ನು ಕಾನೂನಿನ ಮೂಲಕವೇ ಸೊನ್ನೆ ಮಾಡಲಾಗಿದೆ. ಆದರೆ ಇದರ ಖರ್ಚನ್ನು ಯಾರೂ ಹೊರುವುದಿಲ್ಲ ಎಂದಲ್ಲ. ಸಣ್ಣ ವ್ಯಾಪಾರಿಗಳ 2,000 ರೂ.ವರೆಗಿನ ಯು.ಪಿ.ಐ. ವ್ಯವಹಾರಕ್ಕೆ ಶೇ. 0.15ರಂತೆ ಬ್ಯಾಂಕು ಮುಂತಾದವರಿಗೆ ಪ್ರೋತ್ಸಾಹಧನ ಕೊಡಲು 2024-25ನೇ ಸಾಲಿಗೆ ಕೇಂದ್ರ ಸರ್ಕಾರವು 1,500 ಕೋಟಿ ರೂ. ಅಂದಾಜಿನ ಯೋಜನೆಯನ್ನು ಮಂಜೂರು ಮಾಡಿತು. ಮಾರುವವರ ಪಾಲಿಗೆ ಮಾತ್ರ ಇದು ಖರ್ಚಿಲ್ಲದ ದಾರಿ. ಒಂದು ಎಚ್ಚರಿಕೆ: ಅದೇ ಕ್ಯೂ.ಆರ್. ಚಿತ್ರಕ್ಕೆ ಗ್ರಾಹಕರು ರುಪೇ ಕ್ರೆಡಿಟ್ ಕಾರ್ಡು ಅಥವಾ ವ್ಯಾಲೆಟ್ಟಿನಿಂದ ದೊಡ್ಡ ಮೊತ್ತ ಕೊಟ್ಟರೆ ಅದು ಸಾಮಾನ್ಯ ಯು.ಪಿ.ಐ. ಲೆಕ್ಕಕ್ಕೆ ಬರುವುದಿಲ್ಲ, 2,000 ರೂ. ಮೀರಿದ ಅಂತಹ ವ್ಯವಹಾರಗಳಿಗೆ ಶುಲ್ಕ ಬೀಳಬಹುದು.

ಕ್ರೆಡಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕು ಇಂತಹ ಮಿತಿ ಹಾಕಿಲ್ಲ. ಬ್ಯಾಂಕು ಮತ್ತು ಅಂಗಡಿಯವರ ನಡುವಿನ ಕರಾರಿನಂತೆ ದರ ನಿರ್ಧಾರವಾಗುತ್ತದೆ. ಸಾಮಾನ್ಯವಾಗಿ ಇದು ಶೇ. 1.5ರಿಂದ 3ರ ನಡುವೆ ಇರುತ್ತದೆ. ಕೇಳಿ ಇಳಿಸಿಕೊಳ್ಳಲು ಅವಕಾಶವಿರುವುದೂ ಇಲ್ಲಿಯೇ. ಇದಲ್ಲದೆ 2,000 ರೂ. ಮೀರಿದ ಕಾರ್ಡು ವ್ಯವಹಾರವಾದರೆ ಕಡಿತದ ಮೊತ್ತದ ಮೇಲೆ ಶೇ. 18ರ ಜಿ.ಎಸ್.ಟಿ. ಸೇರುತ್ತದೆ. ತೆರಿಗೆ ಕಡಿತದ ಮೇಲೆ ಮಾತ್ರ, ಮಾರಾಟದ ಮೊತ್ತದ ಮೇಲಲ್ಲ.

ಒಂದು ಲೆಕ್ಕ

ಶೇ. 2 ಎಂದರೆ ಅಲ್ಪವೆಂದು ತೋರುತ್ತದೆ. ಆದರೆ ಅದನ್ನು ಹೋಲಿಸಬೇಕಾದದ್ದು ಮಾರಾಟದೊಡನೆ ಅಲ್ಲ, ಲಾಭದೊಡನೆ. ರೈತ ಉತ್ಪಾದಕ ಕಂಪನಿಯ ಒಂದು ಸಣ್ಣ ಮಳಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ವಹಿವಾಟು 20 ಲಕ್ಷದೊಳಗೆ ಇದೆ, ಶೇ. 4ರ ಲಾಭಕ್ಕೆ ಬೀಜ, ಔಷಧಿ ಮಾರುತ್ತದೆ ಎಂದುಕೊಳ್ಳೋಣ. 10,000 ರೂ. ಬಿಲ್ಲಿಗೆ ಲಾಭ 400 ರೂ. ಸದಸ್ಯರು ರುಪೇ ಡೆಬಿಟ್ ಕಾರ್ಡಿನಿಂದ ಅಥವಾ ಬ್ಯಾಂಕ್ ಖಾತೆಯ ಯು.ಪಿ.ಐ.ನಿಂದ ಕೊಟ್ಟರೆ 400 ರೂ. ಪೂರ್ತಿ ಉಳಿಯುತ್ತದೆ. ಬೇರೆ ಜಾಲದ ಡೆಬಿಟ್ ಕಾರ್ಡಾದರೆ ಕಡಿತ ಹೆಚ್ಚೆಂದರೆ 40 ರೂ., ತೆರಿಗೆ 7 ರೂ. 20 ಪೈಸೆ; ಉಳಿಯುವುದು 352 ರೂ. 80 ಪೈಸೆ. ಶೇ. 2ರ ಕ್ರೆಡಿಟ್ ಕಾರ್ಡಾದರೆ ಕಡಿತ 200 ರೂ., ತೆರಿಗೆ 36 ರೂ.; ಉಳಿಯುವುದು 164 ರೂ. ಮಾತ್ರ. ಲಾಭದ ಅರ್ಧಕ್ಕಿಂತ ಹೆಚ್ಚು ಭಾಗ ಯಂತ್ರದ ಬಳಿಯೇ ಹೋಯಿತು!

ದೊಡ್ಡ ಬಿಲ್ಲುಗಳಲ್ಲಿ ಅಂತರ ಇನ್ನೂ ಹೆಚ್ಚು. 3 ಲಕ್ಷ ರೂ. ಬೆಲೆಯ ಉಪಕರಣ ಮಾರುವ ದೊಡ್ಡ ವ್ಯಾಪಾರಿಗೆ ಡೆಬಿಟ್ ಕಾರ್ಡಿನಲ್ಲಿ ಶೇ. 0.90ರಂತೆ 2,700 ರೂ. ಆಗಬೇಕಾದರೂ ಮಿತಿಯ ಕಾರಣ 1,000 ರೂ.ಗೆ ನಿಲ್ಲುತ್ತದೆ. ಶೇ. 2ರ ಕ್ರೆಡಿಟ್ ಕಾರ್ಡಿನಲ್ಲಿ 6,000 ರೂ. ಮತ್ತು ಅದರ ಮೇಲೆ 1,080 ರೂ. ತೆರಿಗೆ ಆಗುತ್ತದೆ.

ಇಷ್ಟಾದರೂ ಕ್ರೆಡಿಟ್ ಕಾರ್ಡನ್ನು ಬೇಡವೆನ್ನುವುದು ಎಲ್ಲ ಕಡೆಯೂ ಸರಿಯಲ್ಲ. ಲಾಭದ ಅಂಶ ಹೆಚ್ಚಿರುವ ಕಸಿ ಸಸಿ, ಜೇನುತುಪ್ಪ, ಅಲಂಕಾರಿಕ ಗಿಡಗಳ ಮಾರಾಟದಲ್ಲಿ, ಕಾರ್ಡು ಇರುವುದರಿಂದಲೇ ಗ್ರಾಹಕರು ಒಂದರ ಬದಲು ಮೂರು ಕೊಳ್ಳುವುದಾದರೆ, ಶೇ. 2 ಕೊಟ್ಟರೂ ನಷ್ಟವಿಲ್ಲ. ಗೊಬ್ಬರದಂತಹ ತೆಳು ಲಾಭದ ಮಾಲಿಗೆ ಈ ಮಾತು ಅನ್ವಯಿಸುವುದಿಲ್ಲ.

ಯಂತ್ರದ ಬಾಡಿಗೆ

ಕಡಿತವನ್ನು ವಿಚಾರಿಸುವವರೂ ಬಾಡಿಗೆಯನ್ನು ಮರೆಯುತ್ತಾರೆ. ತಿಂಗಳಿಗೆ 300 ರೂ. ಬಾಡಿಗೆಯೆಂದು ಭಾವಿಸಿದರೆ ವರ್ಷಕ್ಕೆ 3,600 ರೂ. ಆಗುತ್ತದೆ. ಮಾವಿನ ಎರಡು ತಿಂಗಳಲ್ಲಿ ಕಾರ್ಡಿನ ಮೇಲೆ 90,000 ರೂ. ಮಾರಾಟ ಮಾಡಿ ಉಳಿದ ಹತ್ತು ತಿಂಗಳು ಯಂತ್ರವನ್ನು ಬೀರುವಿನಲ್ಲಿಟ್ಟವರಿಗೆ ಬಾಡಿಗೆಯೊಂದೇ ಶೇ. 4 ಬಿದ್ದಂತಾಯಿತು. ಬ್ಯಾಂಕಿನ ಕಡಿತ ಇದಕ್ಕೆ ಹೊರತು. ಹಂಗಾಮಿನ ಮಾರಾಟಗಾರರಿಗೆ ಅಚ್ಚು ಹಾಕಿದ ಕ್ಯೂ.ಆರ್. ಚಿತ್ರವೇ ಸಾಕು. ಹಣ ಬಂದುದನ್ನು ಕೂಗಿ ಹೇಳುವ ಧ್ವನಿಪೆಟ್ಟಿಗೆಗೂ ಬಾಡಿಗೆ ಇರಬಹುದೆಂಬುದನ್ನು ಮರೆಯಬಾರದು.

ಗೊಬ್ಬರದ ಅಂಗಡಿಗಳಲ್ಲಿ 2018ರಿಂದ ದೇಶಾದ್ಯಂತ ಬಳಕೆಗೆ ಬಂದ, ಆಧಾರ್ ಸಂಖ್ಯೆ ಕೇಳುವ ಯಂತ್ರವೇ ಬೇರೆ. ಅದು ಸಹಾಯಧನದ ಲೆಕ್ಕಕ್ಕಾಗಿ ಮಾರಾಟವನ್ನು ದಾಖಲಿಸುವ ಯಂತ್ರ. ಅದಕ್ಕೂ ಕಾರ್ಡಿನ ಕಡಿತಕ್ಕೂ ಸಂಬಂಧವಿಲ್ಲ. ‘ಮಿಷನ್ ಚಾರ್ಜು’ ಎಂದು ಅದರ ಹೆಸರಿನಲ್ಲಿ ಕೇಳಿದರೆ ಕೊಡಬೇಕಾಗಿಲ್ಲ.

ಕೊಳ್ಳುವ ರೈತರು ಗಮನಿಸಬೇಕಾದ ಅಂಶ

ಬೀಜ, ಪಂಪು, ಪೈಪು ಕೊಳ್ಳುವಾಗ ‘ಕಾರ್ಡಾದರೆ ಎರಡು ಪರ್ಸೆಂಟ್ ಜಾಸ್ತಿ’ ಎನ್ನುವ ಅಂಗಡಿಗಳುಂಟು. ಡೆಬಿಟ್ ಕಾರ್ಡಿನ ಮಟ್ಟಿಗೆ ಇದು ತಪ್ಪು. ವ್ಯಾಪಾರಿಗಳು ಡೆಬಿಟ್ ಕಾರ್ಡಿನ ಕಡಿತವನ್ನು ಗ್ರಾಹಕರ ಮೇಲೆ ಹಾಕದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕಿನ 2017ರ ಆದೇಶ ಸ್ಪಷ್ಟವಾಗಿ ಹೇಳಿದೆ. ಶೇ. 0.90ಕ್ಕಿಂತ ಹೆಚ್ಚು ತಮಗೇ ಬೀಳದಿರುವಾಗ ಶೇ. 2 ಕೇಳುವುದು ಲಾಭದ ಮೇಲೆ ಲಾಭ. ಹೀಗೆ ಕೇಳಿದಲ್ಲಿ ಚೀಟಿಯನ್ನು ಇಟ್ಟುಕೊಳ್ಳಬೇಕು. ಯಂತ್ರ ಯಾವ ಬ್ಯಾಂಕಿನದು ಎಂಬುದು ಚೀಟಿಯ ಮೇಲಿರುತ್ತದೆ. ಆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು.

ಕಿಸಾನ್ ಕ್ರೆಡಿಟ್ ಕಾರ್ಡಿನ ಬಗ್ಗೆಯೂ ಒಂದು ಮಾತು ಹೇಳಬೇಕು. 1998ರಲ್ಲಿ ಆರಂಭವಾದ ಈ ಯೋಜನೆಯನ್ನು 2012ರಲ್ಲಿ ಪರಿಷ್ಕರಿಸಿದಾಗ ಎ.ಟಿ.ಎಂ.ನಲ್ಲಿಯೂ, ಬೀಜ ಗೊಬ್ಬರದ ವ್ಯಾಪಾರಿಗಳ ಯಂತ್ರದಲ್ಲಿಯೂ ನಡೆಯುವ ಡೆಬಿಟ್ ಕಾರ್ಡಿನ ರೂಪವನ್ನು ಇದಕ್ಕೆ ಕೊಡಲಾಯಿತು. ಹೆಸರಿನಲ್ಲಿ ಕ್ರೆಡಿಟ್ ಎಂದಿದ್ದರೂ ಪೇಟೆಯವರ ಕ್ರೆಡಿಟ್ ಕಾರ್ಡಿನ ಜಾತಿಗೆ ಇದು ಸೇರುವುದಿಲ್ಲ. ಆದ್ದರಿಂದ ಹೆಸರು ನೋಡಿ ಕ್ರೆಡಿಟ್ ಕಾರ್ಡಿನ ಶುಲ್ಕ ಕೇಳುವುದು ಸರಿಯಲ್ಲ. ಇನ್ನೊಂದು ಕಡೆ, ಪೇಟೆಯ ಕಾರ್ಡಿನಂತೆ ಇದರಲ್ಲಿ ಬಡ್ಡಿಯಿಲ್ಲದ ದಿನಗಳೂ ಇಲ್ಲ. ಬೆಳೆ ಸಾಲದ ಖಾತೆಯಿಂದ ಹಣ ತೆಗೆದ ದಿನದಿಂದಲೇ ಬಡ್ಡಿ ನಡೆಯುತ್ತದೆ.

ಲೆಕ್ಕ ಬರೆಯುವ ಕ್ರಮ

ಉತ್ಪಾದಕ ಕಂಪನಿಗಳ ಪುಸ್ತಕಗಳಲ್ಲಿ, ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟವೆಂದು ಬರೆಯುವ ಅಪಾಯವಿದೆ. 10,000 ರೂ. ಮಾಲು ಹೋಗಿ 9,764 ರೂ. ಬಂದರೆ, ಮಾರಾಟ 10,000 ಎಂದೂ ಬ್ಯಾಂಕ್ ಶುಲ್ಕ 200 ಎಂದೂ ತೆರಿಗೆ 36 ಎಂದೂ ಬೇರೆ ಬೇರೆ ಬರೆಯಬೇಕು. ಹಾಗಿಲ್ಲದಿದ್ದರೆ ದಾಸ್ತಾನಿಗೂ ಹಣಕ್ಕೂ ತಾಳೆಯಾಗುವುದಿಲ್ಲ, ವರ್ಷದಲ್ಲಿ ಬ್ಯಾಂಕಿಗೆ ಎಷ್ಟು ಹೋಯಿತೆಂಬುದೂ ತಿಳಿಯುವುದಿಲ್ಲ.

ದಾಖಲೆಯ ಭಯದಿಂದ ಯು.ಪಿ.ಐ. ಬಿಟ್ಟವರೂ ಇದ್ದಾರೆ. 2025ರ ಜುಲೈನಲ್ಲಿ ಯು.ಪಿ.ಐ. ಜಮೆಗಳನ್ನು ಆಧರಿಸಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಅನೇಕ ಅಂಗಡಿಗಳು ಕ್ಯೂ.ಆರ್. ಚಿತ್ರವನ್ನು ತೆಗೆದುಹಾಕಿದವು. ತಮ್ಮ ಜಮೀನಿನಲ್ಲಿ ಬೆಳೆದದ್ದನ್ನು ಮಾರುವ ಕೃಷಿಕರು ಆ ಮಾರಾಟದ ಮಟ್ಟಿಗೆ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ನೆರೆಯವರ ಮಾಲನ್ನು ಕೊಂಡು ಮಾರಿದರೆ ಅದು ವ್ಯಾಪಾರ. ಎರಡಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇಟ್ಟರೆ, ಯಾರಾದರೂ ಕೇಳಿದಾಗ ತೋರಿಸುವುದು ಸುಲಭ.

ಯಂತ್ರ ಪಡೆಯುವಾಗ ಕರಾರಿನಲ್ಲಿ ರುಪೇ ಡೆಬಿಟ್, ಇತರ ಡೆಬಿಟ್, ಕ್ರೆಡಿಟ್ ಎಂದು ಮೂರು ದರಗಳನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ‘ಎಲ್ಲ ಕಾರ್ಡಿಗೂ ಒಂದೇ ದರ’ ಎಂಬ ಕರಾರು ಸೊನ್ನೆ ದರದ ಕಾರ್ಡಿಗೂ ಹಣ ತೆರುವಂತೆ ಮಾಡಬಹುದು. ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಅದರ ದಾಖಲೆಯನ್ನು ಬ್ಯಾಂಕಿಗೆ ಕೊಟ್ಟು ಸಣ್ಣ ವ್ಯಾಪಾರಿಯೆಂದು ವರ್ಗೀಕರಿಸಲು ಕೇಳಬೇಕು. ಮೊದಲ ತಿಂಗಳ ಬ್ಯಾಂಕ್ ಪಟ್ಟಿ ಬಂದ ಕೂಡಲೆ ನಾಲ್ಕಾರು ಚೀಟಿಗಳನ್ನು ತೆಗೆದು ಕಡಿತವನ್ನು ಲೆಕ್ಕ ಹಾಕಿ ನೋಡಬೇಕು. ಹೆಚ್ಚು ಹಿಡಿದಿದ್ದರೆ ಶಾಖೆಗೆ ಬರೆದು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಇದಕ್ಕೆ ಶುಲ್ಕವಿಲ್ಲ.